ಕುಡುಗೋಲು ಕಣದ ಬೇನೆ: ರೂಢಿಯ ವಿವರಣೆಯೊಂದರ ವಿಮರ್ಶೆ

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟ, ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟ, ಕೊಳ್ಳೇಗಾಲದ ಸುತ್ತಣ ಕಾಡಂಚು, ಇವು ಸೋಲಿಗರ ಪೋಡುಗಳಿರುವ ಸೀಮೆ. ಇವರಲ್ಲಿ ಕೆಲವರಿಗೆ ವಂಶಾನುಗತವಾಗಿ ಬರುವ ಕುಡುಗೋಲು ಕಣದ ಬೇನೆಯುಂಟು. 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ಬಿಳಿಗಿರಿರಂಗನ ಬೆಟ್ಟದಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಇದರ ಪತ್ತೆ ಮತ್ತು ಚಿಕಿತ್ಸೆಯಲ್ಲಿ ತೊಡಗಿತು. ನೆರೆಯ ನೀಲಗಿರಿಯ ಬುಡಕಟ್ಟುಗಳಲ್ಲಿ ಈ ಲಕ್ಷಣವನ್ನು ಲೇಹ್ಮನ್ ಮತ್ತು ಕಟ್‌ಬುಷ್ ಎಂಬ ವಿದ್ವಾಂಸರು 1952ರಷ್ಟು ಹಿಂದೆಯೇ ಗುರುತಿಸಿದ್ದರು. 2023ರ ಜುಲೈ 1ರಂದು ಕೇಂದ್ರ ಸರ್ಕಾರವು ಇದರ ನಿರ್ಮೂಲನಕ್ಕಾಗಿ ರಾಷ್ಟ್ರೀಯ ಅಭಿಯಾನವನ್ನು ಆರಂಭಿಸಿದ ಮೇಲೆ, ಈ ಬೇನೆಯ ಮಾತು ತರಗತಿಗಳಲ್ಲಿಯೂ ಹೆಚ್ಚಾಗಿ ಕೇಳಿಬರುತ್ತಿದೆ.

ಆದರೆ ಸಾಮಾನ್ಯವಾಗಿ ಹೇಳುವ ವಿವರಣೆ ಹೀಗಿರುತ್ತದೆ: "ಇವರ ಹೀಮೋಗ್ಲೋಬಿನ್ನಿಗೆ ಆಮ್ಲಜನಕವನ್ನು ಹಿಡಿಯುವ ಶಕ್ತಿಯಿಲ್ಲ, ಆದುದರಿಂದ ರಕ್ತಹೀನತೆ." ಈ ವಾಕ್ಯದ ಎರಡು ಭಾಗಗಳೂ ಪರೀಕ್ಷೆಗೆ ನಿಲ್ಲವೆಂಬುದು ನಮ್ಮ ಅಭಿಪ್ರಾಯ.

ಮೊದಲನೆಯದಾಗಿ, ತೆಳುವಾದ ದ್ರಾವಣದಲ್ಲಿ ಈ ಹೀಮೋಗ್ಲೋಬಿನ್ ಸಾಮಾನ್ಯ ಹೀಮೋಗ್ಲೋಬಿನ್ನಿನಷ್ಟೇ ಚೆನ್ನಾಗಿ ಆಮ್ಲಜನಕವನ್ನು ಹಿಡಿಯುತ್ತದೆ. ಬೀಟಾ ಸರಪಣಿಯ 6ನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲಕ್ಕೆ ಬದಲಾಗಿ ವ್ಯಾಲೀನ್ ಇರುವುದೊಂದೇ ವ್ಯತ್ಯಾಸ. ಆ ಸ್ಥಾನವು ಅಣುವಿನ ಹೊರಮೈಯಲ್ಲಿದೆ. ಆಮ್ಲಜನಕ ಕೂಡುವ ಎಡೆಯಲ್ಲಿಲ್ಲ. ದೋಷವು ಕಾಣುವುದು ಆಮ್ಲಜನಕವನ್ನು ಬಿಟ್ಟುಕೊಟ್ಟ ಮೇಲೆ. ಆಗ ಒಂದು ಅಣುವಿನ ವ್ಯಾಲೀನ್ ನೆರೆಯ ಅಣುವಿನ ತಗ್ಗಿನಲ್ಲಿ ಕೂರುತ್ತದೆ. ಅಣುಗಳು ಸಾಲುಗಟ್ಟಿ ಎಳೆಗಳಾಗುತ್ತವೆ. ಕಣವು ಬಾಗಿ ಬಿರುಸಾಗುತ್ತದೆ. ಎಳೆಗಟ್ಟಿದ ಅಣುಗಳಿಗೆ ಆಮ್ಲಜನಕದ ಮೇಲಣ ಹಿಡಿತ ಸಡಿಲ. ಆದುದರಿಂದಲೇ, ಆರೋಗ್ಯವಂತರ ರಕ್ತವು ಸುಮಾರು 27 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ ಅರ್ಧದಷ್ಟು ತುಂಬಿದರೆ, ರೋಗಿಯ ರಕ್ತಕ್ಕೆ ಅದಕ್ಕಿಂತ ಹೆಚ್ಚಿನ ಒತ್ತಡ ಬೇಕಾಗುತ್ತದೆ. ಹಿಡಿತದ ಸಡಿಲಿಕೆಯು ಇಲ್ಲಿ ಮುಖ್ಯವಾಗಿ ಕಾರ್ಯವೇ ಹೊರತು ಕಾರಣವಲ್ಲ. ರೋಗಿಯನ್ನು ನರಳಿಸುವ ಮೂಳೆನೋವಿಗೆ ಕಾರಣ, ಬಿರುಸಾದ ಕಣಗಳು ಕಿರುನಾಳಗಳನ್ನು ಕಟ್ಟುವುದು.

ಎರಡನೆಯದಾಗಿ, ರಕ್ತಹೀನತೆ ಇರುವುದು ನಿಜ. ಆದರೆ ಅದರ ಬಗೆ ಬೇರೆ. ಸಾಮಾನ್ಯ ಕೆಂಪುಕಣ ಸುಮಾರು 120 ದಿನ ಬಾಳಿದರೆ, ಈ ಕಣಗಳು 10ರಿಂದ 20 ದಿನಗಳಲ್ಲಿ ಒಡೆಯುತ್ತವೆ. ಇಲ್ಲಿ ಮೂಲ ಕೊರತೆ ಕಬ್ಬಿಣದ್ದಲ್ಲ. "ರಕ್ತಹೀನತೆ" ಎಂದೊಡನೆ ಕಬ್ಬಿಣದ ಮಾತ್ರೆಯನ್ನು ನೆನೆಯುವ ನಮ್ಮ ರೂಢಿ ಈ ರೋಗಿಗಳಿಗೆ ಸಲ್ಲದು. ಕಬ್ಬಿಣದ ಕೊರತೆಯಿದೆಯೆಂದು ಪರೀಕ್ಷೆಯಿಂದ ತಿಳಿದ ಮೇಲೆಯೇ ಅದನ್ನು ಕೊಡತಕ್ಕದ್ದು.

ಇವೆರಡಕ್ಕಿಂತಲೂ ಹೆಚ್ಚಿನ ಹಾನಿ ಮಾಡುವುದು ರೋಗಿಗೂ ವಾಹಕನಿಗೂ ಭೇದವೆಣಿಸದ ಮಾತು. ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ಈ ಗುಣ ಪಡೆದವನ ಕಣಗಳಲ್ಲಿ ದೋಷಯುಕ್ತ ಹೀಮೋಗ್ಲೋಬಿನ್ ಸಾಮಾನ್ಯವಾಗಿ ಅರ್ಧಕ್ಕಿಂತ ಕಡಮೆ, ಅವನು ರೋಗಿಯಲ್ಲ. ಶಿಬಿರಗಳಲ್ಲಿ ಬಳಸುವ ಕರಗುವಿಕೆಯ ಪರೀಕ್ಷೆಯು ಇವರಿಬ್ಬರನ್ನೂ ಬೇರ್ಪಡಿಸಲಾರದು. ಎಲೆಕ್ಟ್ರೊಫೊರೆಸಿಸ್‌ನಂತಹ ಮತ್ತೊಂದು ಪರೀಕ್ಷೆ ಅವಶ್ಯಕ. ಬೀಟಾ ಥಲಸ್ಸೀಮಿಯದ ವಾಹಕರನ್ನಂತೂ ಅದು ತೋರಿಸುವುದೇ ಇಲ್ಲ. ಆದರೆ ಅಂಥವರಿಗೂ ಕುಡುಗೋಲು ಕಣದ ವಾಹಕರಿಗೂ ಹುಟ್ಟುವ ಮಗುವಿಗೆ ರೋಗ ಬರಬಹುದು.

ಇದು ಪಾರಿಭಾಷಿಕ ಚರ್ಚೆ ಮಾತ್ರವೆಂದು ತಳ್ಳಿಹಾಕುವಂತಿಲ್ಲ. ಪರೀಕ್ಷೆಯ ಫಲ ಇಂದು ಮದುವೆಯ ಮಾತುಕತೆಯವರೆಗೂ ಹೋಗುತ್ತದೆ. ಸೋಲಿಗರು ತಮ್ಮ ಕುಲದೊಳಗೆ ಹೆಣ್ಣು ತರುವುದಿಲ್ಲ. ಆದರೆ ಈ ಗುಣವು ತಾಯಿಯಿಂದಲೂ ಬರುವುದರಿಂದ ಕುಲದ ಎಲ್ಲೆಗೆ ಒಳಪಡದು. ವಾಹಕರಿಬ್ಬರು ಮದುವೆಯಾದರೆ ಪ್ರತಿ ಗರ್ಭದಲ್ಲಿಯೂ ರೋಗದ ಸಂಭವ ನಾಲ್ಕರಲ್ಲೊಂದು. ಒಬ್ಬರು ಮಾತ್ರ ವಾಹಕರಾಗಿ ಇನ್ನೊಬ್ಬರ ಹೀಮೋಗ್ಲೋಬಿನ್ ನಿರ್ದುಷ್ಟವಾಗಿದ್ದರೆ ಮಕ್ಕಳಿಗೆ ಈ ರೋಗವಿಲ್ಲ. ಇಷ್ಟನ್ನು ತಿಳಿಸದೆ "ರಕ್ತದಲ್ಲಿ ದೋಷವಿದೆ" ಎಂದು ಹೇಳಿ ಕಳಿಸಿದರೆ, ಆರೋಗ್ಯವಂತಳಾದ ಹುಡುಗಿಯೊಬ್ಬಳು ವಿನಾಕಾರಣ ನಿರಾಕರಣೆಗೆ ಗುರಿಯಾಗಬಹುದು.

ಪೋಡುಗಳಿಂದ ಬಂದ ವಿದ್ಯಾರ್ಥಿಗಳು ನಮ್ಮ ಕಾಲೇಜುಗಳಲ್ಲಿ ಕುಳಿತಿರುತ್ತಾರೆ. ಅಧ್ಯಾಪಕರು ಈ ಪಾಠದಲ್ಲಿ ಅಣುಗಳು ಎಳೆಗಟ್ಟುವುದನ್ನು ಮೊದಲು ಹೇಳಿ, ವಾಹಕ ಮತ್ತು ರೋಗಿ ಎಂಬ ಎರಡು ಪದಗಳನ್ನು ಎಂದಿಗೂ ಬೆರೆಸದಿರುವುದು ಉಚಿತ. ಆ ವಿದ್ಯಾರ್ಥಿಗಳು ಮನೆಗೆ ಒಯ್ಯುವುದು ನಾವು ಆಡಿದ ಮಾತನ್ನೇ.