ಮೈಕ್ ಸೆಟ್ಟಿನ ಹೊಟ್ಟೆಯೊಳಗಿನ ಕಬ್ಬಿಣ

ಹಳೆಯ ಆಂಪ್ಲಿಫೈಯರ್ ಕೈಗೆ ಸಿಕ್ಕರೆ ಆಡಿಯೊ ಹುಚ್ಚಿನವರ ಕಣ್ಣು ಮೊದಲು ಹೋಗುವುದು ವಾಲ್ವ್ ಮೇಲೆ. ಜಾಲಹಳ್ಳಿಯ ಬಿಇಎಲ್ ಅರವತ್ತರ ದಶಕದಲ್ಲಿ ಮಾಡಿದ್ದೇನಾದರೂ ಇದ್ದರೆ ಅದನ್ನು ಕಿತ್ತಿಟ್ಟುಕೊಂಡು ಮಿಕ್ಕಿದ್ದನ್ನು ಗುಜರಿಗೆ ಹಾಕುವವರೂ ಇದ್ದಾರೆ. ವಾಲ್ವ್ ಇವತ್ತಿಗೂ ದುಡ್ಡು ಕೊಟ್ಟರೆ ಸಿಗುತ್ತದೆ. ಷಾಸಿಯ ಮೂಲೆಯಲ್ಲಿ ಕಪ್ಪು ಬಣ್ಣ ಬಳಿಸಿಕೊಂಡು ಕೂತಿರುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೆ ಮಾತ್ರ ಬದಲಿ ಸಿಗುವುದು ಕಷ್ಟ. ನಮ್ಮ ತುಮಕೂರು ಸೀಮೆಯ ಮೈಕ್ ಸೆಟ್ ಅಂಗಡಿಗಳ ಅಟ್ಟದಲ್ಲಿ ಇಂಥವು ಇನ್ನೂ ಬಿದ್ದಿವೆ. ಗುಜರಿಯವನು ತಾಮ್ರ ಎಷ್ಟಿದೆಯೆಂದು ಕೈಯಲ್ಲಿ ತೂಗಿ ನೋಡುವ ಮೊದಲೇ ನಾವು ಅಲ್ಲಿರಬೇಕು, ಅಷ್ಟೆ.

ಈ ಸೀಮೆಯಲ್ಲೇ ಯಾಕೆ ಎಂದರೆ, ನಾಟಕ. 1884ರಲ್ಲಿ ಗುಬ್ಬಿ ಕಂಪನಿ ಶುರುವಾದಾಗ ಮೈಕೂ ಇರಲಿಲ್ಲ, ಹಾರ್ನೂ ಇರಲಿಲ್ಲ. ಕೊನೆಯ ಸಾಲಿಗೂ ಕೇಳುವ ಕಂಠವಿದ್ದವನಿಗೇ ಪಾತ್ರ. ಕಂಪನಿ ನಾಟಕದ ರುಚಿ ಹಳ್ಳಿಗಳಿಗೆ ಇಳಿದು, ಜಾತ್ರೆಗೋ ಹಬ್ಬಕ್ಕೋ ಊರವರೇ ಬಣ್ಣ ಹಚ್ಚಿ ಬೆಳಗಿನ ತನಕ ಕುರುಕ್ಷೇತ್ರ ಆಡುವುದು ಇಲ್ಲಿ ಇವತ್ತಿಗೂ ನಡೆದಿದೆ. ಕಂಠದ ಅರ್ಧ ಕೆಲಸವನ್ನು ಮೈಕ್ ಸೆಟ್ ವಹಿಸಿಕೊಂಡಿತು. ಮರದ ಕೊಂಬೆಗೆ ಕಟ್ಟಿದ ಹಾರ್ನ್, ಅಲ್ಲಿಂದ ರಂಗದ ಪಕ್ಕದವರೆಗೆ ಎಳೆದ ಸಣ್ಣ ವೈರು. ಟ್ರಾನ್ಸ್‌ಫಾರ್ಮರ್ ಯಾಕೆ ಬೇಕು ಎಂಬುದಕ್ಕೆ ಉತ್ತರ ಆ ವೈರಿನಲ್ಲೇ ಇದೆ.

ಲೆಕ್ಕ ಹಾಕಿ ನೋಡಿ. ಹಾರ್ನ್ 200 ಮೀಟರ್ ದೂರದಲ್ಲಿದೆ, ವೈರು ಅರ್ಧ ಚದರ ಮಿಲಿಮೀಟರಿನದು. ಹೋಗಿಬರಲು 400 ಮೀಟರ್ ತಾಮ್ರ. ಅದರ ರೆಸಿಸ್ಟೆನ್ಸ್ ಹತ್ತಿರಹತ್ತಿರ 14 ಓಮ್. ಹಾರ್ನಿನ ಯೂನಿಟ್ಟೇ 8 ಓಮ್. ನೇರವಾಗಿ ಜೋಡಿಸಿದರೆ ಮೂರರಲ್ಲಿ ಎರಡು ಪಾಲು ಶಕ್ತಿ ವೈರನ್ನು ಬೆಚ್ಚಗೆ ಮಾಡುವುದಕ್ಕೇ ಹೋಯಿತು. ಅದೇ 20 ವ್ಯಾಟನ್ನು 100 ವೋಲ್ಟಿಗೆ ಏರಿಸಿ ಕಳಿಸಿದರೆ ಹರಿಯುವುದು 0.2 ಆಂಪಿಯರ್ ಮಾತ್ರ, ವೈರಿನಲ್ಲಿ ಸೋರುವುದು ಅರ್ಧ ವ್ಯಾಟ್. ಹಾರ್ನಿನ ಬೆನ್ನಿಗೆ ಇನ್ನೊಂದು ಚಿಕ್ಕ ಲೈನ್ ಟ್ರಾನ್ಸ್‌ಫಾರ್ಮರ್ ಕೂತು ಅದನ್ನು ಮತ್ತೆ ಇಳಿಸಿಕೊಳ್ಳುತ್ತದೆ. ಕರೆಂಟಿಲ್ಲದ ಊರುಗಳಲ್ಲಿ ಇನ್ನೊಂದು ಪೇಚೂ ಇತ್ತು: 12 ವೋಲ್ಟ್ ಬ್ಯಾಟರಿ. ಅದರಿಂದ ಸಾಧಾರಣ ಸರ್ಕ್ಯೂಟಿನಲ್ಲಿ ನೇರವಾಗಿ 8 ಓಮಿಗೆ ಎರಡು ವ್ಯಾಟ್ ಹೊರಟರೆ ಹೆಚ್ಚು. ಹಾಗಾಗಿ ವಾಲ್ವ್ ಹೋಗಿ 2ಎನ್3055 ಟ್ರಾನ್ಸಿಸ್ಟರ್ ಬಂದ ಮೇಲೂ ಮೈಕ್ ಸೆಟ್ ಟ್ರಾನ್ಸ್‌ಫಾರ್ಮರನ್ನು ಬಿಡಲಿಲ್ಲ.

ಗುಬ್ಬಿಯ ಅಟ್ಟವೊಂದರಿಂದ ಬಂದ ಟ್ರಾನ್ಸ್‌ಫಾರ್ಮರ್ ಈಗ ನನ್ನ ಮೇಜಿನ ಮೇಲಿದೆ. ಎರಡು ಇಎಲ್34 ವಾಲ್ವ್‌ಗಳ ಸೆಟ್ಟಿನದು. ಲೇಬಲ್ ಉದುರಿದೆ, ಹೊರಬಂದ ವೈರುಗಳ ಬಣ್ಣವೆಲ್ಲ ಒಂದೇ ಕಂದು. ಜೀವ ಇರುವುದನ್ನು ಬಿಚ್ಚಬಾರದು, ಹೊರಗಿನಿಂದಲೇ ಮಾತಾಡಿಸಬೇಕು. ವಾಲ್ವ್ ಕಡೆಯ ಎರಡು ತುದಿಗಳಿಗೆ ಸಣ್ಣ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರಿನಿಂದ 12 ವೋಲ್ಟ್ ಎಸಿ ಕೊಟ್ಟೆ. ಇನ್ನೊಂದು ಕಡೆಯ ವೈರುಗಳಲ್ಲಿ ಮೀಟರ್ ತೋರಿಸಿದ್ದು 0.41, 0.58, 0.82, ಮತ್ತು 3.5. ಹನ್ನೆರಡನ್ನು 0.58ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, 8 ಓಮಿನಿಂದ ಮತ್ತೆ ಗುಣಿಸಿದರೆ 3,400ರ ಆಸುಪಾಸು. ಇಎಲ್34 ಜೋಡಿ ಕೇಳುವುದೂ ಅಷ್ಟನ್ನೇ. ಹಾಗಾದರೆ ಆ ನಾಲ್ಕು ವೈರುಗಳು 4, 8, 16 ಓಮ್ ಮತ್ತು 100 ವೋಲ್ಟ್ ಲೈನ್. ಎಚ್ಚರ ಒಂದೇ: ಇದೇ 12 ವೋಲ್ಟನ್ನು ಅಪ್ಪಿತಪ್ಪಿ 8 ಓಮ್ ಕಡೆಗೆ ಕೊಟ್ಟರೆ ಆಚೆ ತುದಿಯಲ್ಲಿ 248 ವೋಲ್ಟ್ ನಿಂತಿರುತ್ತದೆ.

ಆಮೇಲೆ ರೆಸಿಸ್ಟೆನ್ಸ್. ವಾಲ್ವ್ ಕಡೆಯ ಒಂದು ಅರ್ಧ 62 ಓಮ್, ಇನ್ನೊಂದು 74. ಇದನ್ನು ನೋಡಿ ‘ಸುಟ್ಟಿದೆ’ ಎಂದು ಎಸೆಯುವವರು ಬಹಳ. ಸುತ್ತು ಎರಡರಲ್ಲೂ ಅಷ್ಟೇ ಇರುತ್ತವೆ. ಒಳಗಿನ ಅರ್ಧದ ಸುತ್ತು ಚಿಕ್ಕದು, ಹೊರಗಿನದು ದೊಡ್ಡದು, ಹಾಗಾಗಿ ತಂತಿ ಉದ್ದ. ಎರಡೂ ಸರಿಸಮ ಬಂದರೆ ಸುತ್ತಿದವನು ತಾಳ್ಮೆಯಿಂದ ಹಂಚಿ ಸುತ್ತಿದ್ದಾನೆಂದು ಅರ್ಥ, ಅಂಥದ್ದು ಕಂಡರೆ ಬೆಲೆ ಚೌಕಾಸಿ ಮಾಡಬೇಡಿ.

ಇನ್ನು ಇಂಡಕ್ಟನ್ಸ್. ಎಲ್‌ಸಿಆರ್ ಮೀಟರ್ ಅರ್ಧ ವೋಲ್ಟಿನಲ್ಲಿ ತೋರಿಸುವ ಹೆನ್ರಿಯೇ ಬೇರೆ, ಕಬ್ಬಿಣ ಮೈಬಗ್ಗಿಸಿ ದುಡಿಯುವಾಗಿನ ಹೆನ್ರಿಯೇ ಬೇರೆ, ಮೊದಲನೆಯದನ್ನು ಪೂರ್ತಿ ನಂಬಬೇಡಿ. ಹೇಗೆ ಅಳೆದರೂ ಮೈಕ್ ಸೆಟ್ಟಿನದು ಕಡಿಮೆಯೇ. ಅದರಲ್ಲಿ ಮೋಸವೇನೂ ಇಲ್ಲ. 20 ವ್ಯಾಟಿನ ಹಾರ್ನ್ 100 ವೋಲ್ಟ್ ಲೈನಿಗೆ ತೋರುವ 500 ಓಮ್ ಲೋಡಿಗೆ 200 ಹರ್ಟ್ಸ್‌ನಿಂದ ಮೇಲೆ ಕೇಳಿದರೆ ಸಾಕು ಅನ್ನುವುದಾದರೆ 0.4 ಹೆನ್ರಿ ಸಾಕು. 50 ಹರ್ಟ್ಸ್ ಬೇಕೆಂದರೆ ಅದರ ನಾಲ್ಕರಷ್ಟು, ಅದಕ್ಕೆ ತಕ್ಕ ಕಬ್ಬಿಣ. ಹಾರ್ನ್ ಅಷ್ಟು ಕೆಳಗೆ ಇಳಿಯುವುದೇ ಇಲ್ಲವಾದ್ದರಿಂದ ಆ ಕಬ್ಬಿಣ ದಂಡ. ದೂರದಿಂದ ನಾಟಕ ಕೇಳಿದವರಿಗೆ ಇದು ಗೊತ್ತಿರುತ್ತದೆ: ಭೀಮನ ಅಬ್ಬರ, ಹಾರ್ಮೋನಿಯಂ, ತಬಲದ ‘ನಾ’ ಎಲ್ಲ ಎರಡು ಹೊಲ ದಾಟಿ ಬರುತ್ತವೆ, ಡಗ್ಗ ಮಾತ್ರ ಬರುವುದಿಲ್ಲ. ಈ ಟ್ರಾನ್ಸ್‌ಫಾರ್ಮರನ್ನು ತಂದು ದೊಡ್ಡ ಸ್ಪೀಕರಿಗೆ ಕಟ್ಟಿ ‘ಬೇಸ್ ಇಲ್ಲ’ ಎಂದು ಗೊಣಗುವವರು ಕೇಳಬಾರದ್ದನ್ನು ಕೇಳುತ್ತಿದ್ದಾರೆ.

ಸತ್ತದ್ದನ್ನು ಬಿಚ್ಚುವ ಸುಖ ಬೇರೆ. ಅದಕ್ಕೂ ಮೊದಲು ಹೊರಪದರದ ಕಾಗದ ಬಿಡಿಸಿ, ಕೂದಲೆಳೆಯಂಥ ತಂತಿಯನ್ನು ದಪ್ಪ ವೈರಿಗೆ ಬೆಸೆದ ಜಾಗ ನೋಡಿ. ಎಷ್ಟೋ ಸಲ ಅಲ್ಲಿ ಹಸಿರು ಕಿಲುಬು ಕಟ್ಟಿರುತ್ತದೆ. ಹಳೆಯ ಫ್ಲಕ್ಸಿನ ಆಮ್ಲ ತಂತಿಯನ್ನು ತಿಂದು ಹಾಕಿರುತ್ತದೆ. ಕೆರೆದು, ಹೊಸದಾಗಿ ಬೆಸೆದರೆ ಕೆಲಸ ಮುಗಿಯಿತು. ಒಳಗೇ ಕಡಿದಿದ್ದರೆ ಬೇರೆ ದಾರಿಯಿಲ್ಲ. ಹೇರ್ ಡ್ರೈಯರಿನಿಂದ ಬಿಸಿ ಮಾಡಿ ವಾರ್ನಿಷ್ ಸಡಿಲಿಸಿ, ಮೊದಲ ಸ್ಟಾಂಪಿಂಗನ್ನು ತೆಳು ಬ್ಲೇಡಿನಿಂದ ಎಬ್ಬಿಸಬೇಕು. ಅದೊಂದು ಹೊರಬಂದರೆ ಮಿಕ್ಕವು ಸುಲಭ. ಇ ಮತ್ತು ಐ ತಗಡುಗಳು ಒಂದು ಆಚೆ ಒಂದು ಈಚೆ ಹೆಣೆದಿದ್ದರೆ ಎರಡು ವಾಲ್ವ್‌ಗಳದ್ದು. ಇ ಎಲ್ಲ ಒಂದೇ ಕಡೆ ನಿಂತು, ಅವಕ್ಕೂ ಐಗಳಿಗೂ ಮಧ್ಯೆ ಕಾಗದದ ಚೂರು ಸಿಕ್ಕಿದರೆ ಅದು ಒಂಟಿ ವಾಲ್ವಿನ ರೇಡಿಯೊದ್ದು. ಆ ಚೂರನ್ನು ಕಸವೆಂದು ಊದಿಬಿಡಬೇಡಿ, ಡಿಸಿ ಹರಿದಾಗ ಕಬ್ಬಿಣ ಉಸಿರುಕಟ್ಟದಂತೆ ಕಾಯುವುದು ಅದೇ.

ತಂತಿಯ ದಪ್ಪ ಅಳೆಯುವಾಗ ಮೇಲಿನ ಎನಾಮೆಲ್ ತೆಗೆದು ಅಳೆಯಿರಿ. 34 ಗೇಜ್ ಬರಿ ತಾಮ್ರ 0.23 ಮಿ.ಮೀ.; ಎನಾಮೆಲ್ ಸೇರಿಸಿದರೆ 33 ಗೇಜ್ ಎನ್ನಿಸುತ್ತದೆ. ಎಚ್‌ಎಂಟಿ ಗಡಿಯಾರ ಕಾರ್ಖಾನೆ ಇದ್ದ ತುಮಕೂರಿನಲ್ಲಿ ಮೈಕ್ರೊಮೀಟರ್ ಹಿಡಿಯುವುದನ್ನು ನಾನು ಹೇಳಿಕೊಡುವುದು ಅಧಿಕಪ್ರಸಂಗವೇ ಸರಿ. ಸುತ್ತು ಎಣಿಸುತ್ತ ಬಿಚ್ಚುವಾಗ ಯಾವುದು ಯಾವುದರ ಮೇಲಿತ್ತು ಎಂದು ಬರೆದುಕೊಳ್ಳುವುದು ಎಣಿಕೆಗಿಂತ ಮುಖ್ಯ.

ಯಾಕೆಂದರೆ ಮುಂದಿನ ಹೆಜ್ಜೆ ವೈಂಡಿಂಗ್ ಅಂಗಡಿ. ಕುಣಿಗಲ್ಲಿನಲ್ಲಾಗಲಿ ಗುಬ್ಬಿಯಲ್ಲಾಗಲಿ ಬೋರ್‌ವೆಲ್ ಪಂಪಿನ ಮೋಟಾರ್ ಸುತ್ತುವವರಿಗೆ ಬರವಿಲ್ಲ, ಕೈ ಚಳಕವೂ ಇದೆ. ಆದರೆ ಸುಮ್ಮನೆ ಕೊಟ್ಟರೆ ಒಳಗೆ ಪ್ರೈಮರಿ ಪೂರ್ತಿ, ಅದರ ಮೇಲೆ ಸೆಕೆಂಡರಿ ಪೂರ್ತಿ ಸುತ್ತಿ ಕೊಡುತ್ತಾರೆ. ಸುತ್ತಿನ ಲೆಕ್ಕ ಸರಿ, ವೋಲ್ಟೇಜ್ ಸರಿ, ಹಾಡಿನ ‘ಸ’ಕಾರ ‘ಶ’ಕಾರಗಳು ಮಾತ್ರ ಮಂಕು. ಚಿರೋಟಿಯ ಹಾಗೆ ಪದರ ಪದರವಾಗಿ, ಅರ್ಧ ಪ್ರೈಮರಿ, ಸೆಕೆಂಡರಿ, ಮತ್ತೆ ಅರ್ಧ ಪ್ರೈಮರಿ ಎಂದು ಸುತ್ತಿದರೇ ಎರಡೂ ಒಂದಕ್ಕೊಂದು ಅಂಟಿಕೊಂಡು ಮೇಲಿನ ಸ್ವರ ಉಳಿಯುವುದು. ಇದನ್ನು ಚೀಟಿಯಲ್ಲಿ ಚಿತ್ರ ಬರೆದು ಕೊಡಿ. ತಂದ ಮೇಲೆ ಸೆಕೆಂಡರಿಯನ್ನು ಶಾರ್ಟ್ ಮಾಡಿ ಪ್ರೈಮರಿಯ ಇಂಡಕ್ಟನ್ಸ್ ಅಳೆಯಿರಿ. ಅದು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಹಳೆಯದರಲ್ಲಿ ಒಂದೇ ಅರ್ಧ ಕಡಿದಿದ್ದರೆ, ಬಿಚ್ಚುವ ಮೊದಲೇ ಇನ್ನೊಂದು ಅರ್ಧದಲ್ಲಿ ಈ ಅಳತೆ ತೆಗೆದಿಟ್ಟುಕೊಂಡರೆ ಹೋಲಿಸಲು ಆಧಾರವಾಗುತ್ತದೆ. ಈ ಪರೀಕ್ಷೆ ವಾರ್ನಿಷ್ ಹಾಕುವ ಮೊದಲೇ ಆಗಬೇಕು. ವಾರ್ನಿಷ್ ಒಣಗಿದ ಮೇಲೆ ಮತ್ತೆ ಬಿಚ್ಚಲು ಯಾವ ವೈಂಡಿಂಗಿನವರೂ ಒಪ್ಪುವುದಿಲ್ಲ.