ಸುತ್ತಿಗೆಯ ಗದ್ಯ

ಕನ್ನಡ ವಿಮರ್ಶೆ ಅಕ್ಕಸಾಲೆಯಿಂದ ಎರವಲು ತಂದ ಮಾತುಗಳನ್ನು ಗಮನಿಸಿ. ಕೃತಿಯನ್ನು ಒರೆಗೆ ಹಚ್ಚುತ್ತೇವೆ, ಅನುಭವವನ್ನು ಪುಟಕ್ಕಿಡುತ್ತೇವೆ, ಉಳಿದದ್ದನ್ನು ಅಪರಂಜಿ ಎನ್ನುತ್ತೇವೆ. ಲೋಹ ಶುದ್ಧವೋ ಕಲಬೆರಕೆಯೋ ಎಂಬ ಅನುಮಾನದಿಂದ ಹುಟ್ಟಿದ ಮಾತುಗಳಿವು, ಕೊಳ್ಳುವವನ ಮಾತುಗಳು. ಅಕ್ಕಸಾಲಿಗ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆಯೂ ಅಂಗಡಿಯ ಹೊರಗೆ ನಿಂತವನದೇ. ಒಳಗೆ ಕೂತು ಬಡಿಯುವವನ ಒಂದು ಕ್ರಿಯಾಪದವೂ ನಮ್ಮ ವಿಮರ್ಶೆಗೆ ಬಂದಂತಿಲ್ಲ.

ಈ ಕೊರತೆ ಕಣ್ಣಿಗೆ ಬಿದ್ದದ್ದು ನಾನು ಬೆಳ್ಳಿ ಬಡಿಯುವುದನ್ನು ಕಲಿಯಲು ತೊಡಗಿದ ಮೇಲೆ. ಬೆಳ್ಳಿಯ ತಗಡು ಪೆಟ್ಟು ತಿಂದಷ್ಟೂ ಬಿರುಸಾಗುತ್ತದೆ. ಒಂದು ಹಂತದ ನಂತರ ಬಾಗುವುದಿಲ್ಲ, ಅಂಚಿನಲ್ಲಿ ಸೀಳುತ್ತದೆ. ಅಷ್ಟರೊಳಗೆ ಅದನ್ನು ಬೆಂಕಿಗೆ ಹಿಡಿದು, ಮಬ್ಬು ಬೆಳಕಿನಲ್ಲಿ ಮಂಕು ಕೆಂಪು ಕಾಣುವವರೆಗೆ ಕಾಸಿ, ಮತ್ತೆ ಮೆದುವಾಗಿಸಬೇಕು. ಒಂದು ಬಳೆಗೆ ಇದು ಎಷ್ಟು ಸಲವಾದರೂ ಆಗಬಹುದು. ಕಲಿಸುವವರು ಹೆಚ್ಚು ಮಾತಾಡುವುದಿಲ್ಲ. ‘ಸದ್ದು ಕೇಳು’ ಎನ್ನುತ್ತಾರೆ. ಬಿರುಸಾದ ತಗಡು ಬೇರೆ ದನಿಯಲ್ಲಿ, ಹೆಚ್ಚು ಚೂಪಾಗಿ ನುಡಿಯುತ್ತದೆ. ಇದನ್ನು ಬರೆಯಲು ಆಗುತ್ತದೆಯೇ ಎಂಬ ಕುತೂಹಲಕ್ಕೆ ಎರಡು ಹಳೆಯ ಪುಸ್ತಕಗಳನ್ನು ಇಂಗ್ಲಿಷಿನಲ್ಲಿ ಓದಿದೆ.

ಮೊದಲನೆಯದು ಥಿಯೊಫಿಲಸ್ ಎಂಬ ಹೆಸರಿನಲ್ಲಿ ಒಬ್ಬ ಪಾದ್ರಿ 12ನೇ ಶತಮಾನದ ಮೊದಲ ಭಾಗದಲ್ಲಿ ಲ್ಯಾಟಿನ್‌ನಲ್ಲಿ ಬರೆದ ‘ದೆ ದಿವೆರ್ಸಿಸ್ ಆರ್ತಿಬುಸ್’. ಮೂರು ಭಾಗಗಳಲ್ಲಿ ಬಣ್ಣ, ಗಾಜು, ಲೋಹ. ಲೋಹದ ಭಾಗ ಬೆಳ್ಳಿಯಿಂದ ಶುರುವಾಗುವುದಿಲ್ಲ, ಕಾರ್ಯಾಗಾರ ಕಟ್ಟುವುದರಿಂದ ಶುರುವಾಗುತ್ತದೆ. ಆಮೇಲೆ ಕುಳಿತುಕೊಳ್ಳುವ ಜಾಗ, ಕುಲುಮೆ, ತಿದಿ, ಅಡಿಗಲ್ಲು, ಸುತ್ತಿಗೆ, ಇಕ್ಕಳ. ಬೆಳ್ಳಿಯ ಬಟ್ಟಲಿಗೆ ಬರುವ ಹೊತ್ತಿಗೆ ಓದುಗ ಒಂದು ಇಡೀ ಅಂಗಡಿ ಕಟ್ಟಿ ಮುಗಿಸಿರುತ್ತಾನೆ. ಎಲ್ಲವೂ ‘ನೀನು ಮಾಡು’ ಎಂಬ ಏಕವಚನದ ಆಜ್ಞೆಯಲ್ಲಿ. ವಿಶೇಷಣಗಳು ಕಡಿಮೆ, ಲೇಖಕನ ಮುಖ ಕಾಣುವುದು ಪೀಠಿಕೆಗಳಲ್ಲಿ ಮಾತ್ರ. ಒಂದಾದ ಮೇಲೊಂದು ಕೆಲಸ ಬರುವ ಈ ಕ್ರಮವೇ ಆ ಗದ್ಯದ ಲಯ, ಮತ್ತು ಅದು ನನಗೆ ಬೇಸರ ತರಿಸಲಿಲ್ಲ. ಉಪಕರಣದ ಅಧ್ಯಾಯಗಳನ್ನು ದಾಟಿ ಬಟ್ಟಲಿಗೆ ಹಾರುವವರಿಗೆ ಪುಸ್ತಕ ದಕ್ಕುವುದಿಲ್ಲ. ಸುತ್ತಿಗೆಯ ಮುಖದಲ್ಲಿ ಒಂದು ಗೀರಿದ್ದರೆ ಅದು ಪ್ರತಿ ಪೆಟ್ಟಿಗೂ ಬೆಳ್ಳಿಯ ಮೇಲೆ ಅಚ್ಚಾಗುತ್ತದೆ. ಬೆಳ್ಳಿಗಿಂತ ಮೊದಲು ಸುತ್ತಿಗೆಗೆ ಪಾಲಿಶ್ ಹಾಕಬೇಕೆಂದು ತಿಳಿದವನಿಗೆ ಆ ಕ್ರಮ ಅರ್ಥವಾಗುತ್ತದೆ.

ಎರಡನೆಯದು ಬೆನ್ವೆನುಟೊ ಚೆಲ್ಲಿನಿ 1568ರಲ್ಲಿ ಫ್ಲಾರೆನ್ಸ್‌ನಲ್ಲಿ ಪ್ರಕಟಿಸಿದ, ಅಕ್ಕಸಾಲಿಕೆ ಮತ್ತು ಶಿಲ್ಪದ ಕುರಿತ ಎರಡು ಗ್ರಂಥಗಳು. ಇಲ್ಲಿ ಪ್ರತಿ ತಂತ್ರದ ಹಿಂದೆ ಒಬ್ಬ ಪೋಪ್, ಒಬ್ಬ ರಾಜ, ಒಬ್ಬ ಪ್ರತಿಸ್ಪರ್ಧಿ. ಓದಲು ಇದೇ ಹೆಚ್ಚು ಸೊಗಸು, ಅದರಲ್ಲಿ ಅನುಮಾನವಿಲ್ಲ. ಆದರೆ ಬಹುಪಾಲು ಕಡೆ ನಾವು ಕಲಿಯುವುದು ಚೆಲ್ಲಿನಿಯನ್ನು, ಬೆಳ್ಳಿಯನ್ನಲ್ಲ. ಜಂಬವೇ ಪಾಠವಾಗುವ ಒಂದು ಜಾಗವಿದೆ. ಹಿರಿಯ ಕಸುಬುಗಾರ ಕರಡೊಸ್ಸೊ ಮೊದಲು ಮೇಣದಲ್ಲಿ ಆಕೃತಿ ಮಾಡಿ, ಅದನ್ನು ಕಂಚಿನಲ್ಲಿ ಎರಕ ಹೊಯ್ದು, ಆ ಕಂಚಿನ ಮೇಲೆ ತೆಳು ಚಿನ್ನದ ತಗಡನ್ನು ಬಡಿದು ಕೂರಿಸುತ್ತಿದ್ದ. ಚೆಲ್ಲಿನಿ ಅವನನ್ನು ಹೊಗಳುತ್ತಾನೆ, ಹೊಗಳಿ, ತಾನು ಕಂಚಿನ ಗೊಡವೆಯಿಲ್ಲದೆ ತಗಡಿನಿಂದಲೇ ನೇರವಾಗಿ ಎಬ್ಬಿಸುತ್ತೇನೆ ಎನ್ನುತ್ತಾನೆ. ಹಿಂದಿನಿಂದ ಉಬ್ಬಿಸುವುದು, ಮುಂದಿನಿಂದ ತಗ್ಗಿಸುವುದು, ಮತ್ತೆ ಹಿಂದಿನಿಂದ. ಒಬ್ಬನಿಗೆ ಆಕೃತಿ ಬಡಿಯುವ ಮೊದಲೇ ಇದೆ, ಇನ್ನೊಬ್ಬನಿಗೆ ಬಡಿಯುತ್ತ ಬಡಿಯುತ್ತ ಬರುತ್ತದೆ. ಬೆಳ್ಳಿಯಲ್ಲಿ ಕೆಲಸ ಮಾಡುವವರೂ ಇಂದಿಗೂ ಈ ಎರಡರ ನಡುವೆ ಆರಿಸಿಕೊಳ್ಳಬೇಕು. ಫ್ರಾನ್ಸಿನ ದೊರೆ ಮೊದಲನೆಯ ಫ್ರಾನ್ಸಿಸ್‌ಗಾಗಿ 1543ರಲ್ಲಿ ಮುಗಿಸಿದ ಉಪ್ಪಿನ ಪಾತ್ರೆಯ ಚಿನ್ನದ ಆಕೃತಿಗಳೂ ಬಡಿದು ಎಬ್ಬಿಸಿದವೇ. (2003ರಲ್ಲಿ ವಿಯೆನ್ನಾದ ಮ್ಯೂಸಿಯಮ್ಮಿನಿಂದ ಅದು ಕಳವಾಗಿ 2006ರಲ್ಲಿ ಸಿಕ್ಕಿತು. ಚೆಲ್ಲಿನಿ ಬದುಕಿದ್ದರೆ ಅದಕ್ಕೂ ಒಂದು ಅಧ್ಯಾಯ ಬರೆಯುತ್ತಿದ್ದ.)

ಇಬ್ಬರಲ್ಲಿ ನನ್ನ ಮತ ಪಾದ್ರಿಗೆ. ಅವನಲ್ಲಿ ನಗು ಬರಿಸುವ ಭಾಗಗಳಿಲ್ಲವೆಂದಲ್ಲ. ಹುಂಜಗಳಿಂದ ಮೊಟ್ಟೆ ಇಡಿಸಿ, ಕಪ್ಪೆಗಳಿಂದ ಕಾವು ಕೊಡಿಸಿ, ಹುಟ್ಟಿದ ಪ್ರಾಣಿಯನ್ನು ಸುಟ್ಟ ಬೂದಿಯಿಂದ ಚಿನ್ನ ಮಾಡುವ ವಿಧಾನವನ್ನೂ ಅದೇ ನಿರ್ವಿಕಾರ ಧ್ವನಿಯಲ್ಲಿ ಹೇಳುತ್ತಾನೆ. ತಾನು ಮಾಡಿದ್ದಕ್ಕೂ ಕೇಳಿದ್ದಕ್ಕೂ ಒಂದೇ ವ್ಯಾಕರಣ. ಆಜ್ಞಾರ್ಥದ ಗದ್ಯದ ಅಪಾಯ ಇದೇ, ಅದರೊಳಗೆ ಅನುಮಾನಕ್ಕೆ ಜಾಗವಿಲ್ಲ. ಚೆಲ್ಲಿನಿಯ ಜಂಬದಲ್ಲಿ ಕನಿಷ್ಠ ‘ಇದನ್ನು ನಾನು ಮಾಡಿದ್ದೇನೆ’ ಎಂಬ ಸಾಕ್ಷಿಯಾದರೂ ಇದೆ. ಹಾಗಿದ್ದೂ, ಬೆಂಕಿಯ ಮುಂದೆ ಕೂತಾಗ ನೆನಪಿಗೆ ಬರುವುದು ಪಾದ್ರಿಯ ಕ್ರಮ.

ಥಿಯೊಫಿಲಸ್ ಬರೆದ ಶತಮಾನವೇ ನಮ್ಮ ವಚನಗಳದು. ವಚನಕಾರರಲ್ಲಿ ಕಿನ್ನರಿ ಬ್ರಹ್ಮಯ್ಯ ಕಸುಬಿನಿಂದ ಅಕ್ಕಸಾಲಿಗ. ಪರಂಪರೆ ಅವನ ಹೆಸರಿನಲ್ಲಿ ಉಳಿಸಿಕೊಂಡದ್ದು ಕಿನ್ನರಿಯನ್ನು, ಸುತ್ತಿಗೆಯನ್ನಲ್ಲ. ಕಾಯಕವನ್ನು ಅಷ್ಟು ಎತ್ತರಕ್ಕೇರಿಸಿದ ಸಾಹಿತ್ಯವೂ ಕಾಯಕದ ಕೈಚಳಕವನ್ನು ವಿವರಿಸಲು ಹೋಗಲಿಲ್ಲ. ಅದು ಅವರ ಗುರಿಯಾಗಿರಲಿಲ್ಲ, ಸರಿ. ನಂತರದ ನಮ್ಮ ಗದ್ಯಕ್ಕೆ ಆ ನೆಪ ಇಲ್ಲ.

ಚೆಲ್ಲಿನಿಯನ್ನು 1898ರಲ್ಲಿ ಇಂಗ್ಲಿಷಿಗೆ ತಂದವನು ಸಿ. ಆರ್. ಆಶ್‌ಬೀ. 1888ರಲ್ಲಿ ತಾನೇ ಕಟ್ಟಿದ್ದ ಗಿಲ್ಡ್ ಆಫ್ ಹ್ಯಾಂಡಿಕ್ರಾಫ್ಟ್‌ನ ಲೋಹದ ಕೆಲಸಗಾರರಿಗೆಂದೇ ಅದನ್ನು ಅನುವಾದಿಸಿದ. ಕನ್ನಡಕ್ಕೆ ಥಿಯೊಫಿಲಸ್‌ನ ಮೂರನೆಯ ಭಾಗವನ್ನು ಯಾರಾದರೂ ತರುವುದಾದರೆ ನಿಘಂಟಿನ ಬದಲು ಅಕ್ಕಸಾಲೆಯಲ್ಲಿ ಕೂತು ತರಬೇಕು. ಬೆಳ್ಳಿಯನ್ನು ಮೆದುವಾಗಿಸುವ ಆ ಬಿಸಿಗೆ ತಾಂತ್ರಿಕ ಪದ ಹುಡುಕುವ ಅಗತ್ಯವೇ ಬೀಳುವುದಿಲ್ಲ. ನನಗೆ ಕಲಿಸುವವರು ‘ಕಾಸು’ ಎನ್ನುತ್ತಾರೆ, ಹಾಲಿಗೆ ಹೇಳುವಂತೆಯೇ.