ಅಳುವುದಕ್ಕೂ ಫರ್ಮಾನು

2002ರಲ್ಲಿ ಬಂದ ‘ಈಕ್ವಿಲಿಬ್ರಿಯಂ’ ಎಂಬ ಇಂಗ್ಲಿಷ್ ಸಿನಿಮಾವನ್ನು ದೊಡ್ಡಬಳ್ಳಾಪುರದ ಗೆಳೆಯರೊಬ್ಬರ ಮನೆಯಲ್ಲಿ, ಪಕ್ಕದ ಕೇರಿಯ ಮಗ್ಗಗಳ ಸದ್ದಿನ ನಡುವೆಯೇ ನೋಡಿದೆವು. ಮೂರನೆಯ ಮಹಾಯುದ್ಧ ಮುಗಿದಿದೆ. ಯುದ್ಧಕ್ಕೆಲ್ಲ ಮನುಷ್ಯನ ಭಾವನೆಗಳೇ ಮೂಲವೆಂದು ತೀರ್ಮಾನಿಸಿದ ಸರ್ಕಾರ, ಪ್ರಜೆಗಳು ದಿನವೂ ಔಷಧಿ ಚುಚ್ಚಿಕೊಳ್ಳಬೇಕೆಂದು ಕಟ್ಟಳೆ ಮಾಡುತ್ತದೆ. ಕೋಪವಿಲ್ಲ, ದುಃಖವಿಲ್ಲ. ಪುಸ್ತಕ, ಚಿತ್ರ, ಸಂಗೀತ ಬಚ್ಚಿಟ್ಟುಕೊಂಡವರಿಗೆ ಸಾವು.

ಸಿನಿಮಾ ಮುಗಿದಾಗ ಗೆಳೆಯರ ಮಗ ಕೇಳಿದ: “ಗಲಭೇನೇ ಆಗಲ್ಲ ಅಂದ್ರೆ ಆ ಇಂಜೆಕ್ಷನ್ ತಗೊಳ್ಳೋದ್ರಲ್ಲಿ ತಪ್ಪೇನು, ಚಾಚಾ?”

ನಕ್ಕು ತಳ್ಳಿಹಾಕುವ ಪ್ರಶ್ನೆಯಲ್ಲ ಇದು. ಗಲಭೆಯ ಸುದ್ದಿ ಬಂದ ರಾತ್ರಿ ಮಕ್ಕಳನ್ನು ಎಣಿಸಿಕೊಂಡು ಬಾಗಿಲಿಗೆ ಚಿಲಕ ಹಾಕಿದವರಿಗೆ ಆ ಆಸೆ ಏನೆಂದು ಗೊತ್ತು. ಲೋಯಿಸ್ ಲೌರಿಯವರ ‘ದಿ ಗಿವರ್’ (1993) ಕಾದಂಬರಿ ಈ ಆಸೆಯನ್ನು ಸಿನಿಮಾಕ್ಕಿಂತ ಪ್ರಾಮಾಣಿಕವಾಗಿ ಎದುರಿಸುತ್ತದೆ. ಅಲ್ಲಿನ ಊರಿನಲ್ಲಿ ಹಸಿವೂ ಇಲ್ಲ, ಜಗಳವೂ ಇಲ್ಲ. ಆದರೆ ಅವಳಿ ಕೂಸುಗಳಲ್ಲಿ ತೂಕ ಕಡಿಮೆಯಿದ್ದುದನ್ನು ಸೂಜಿ ಚುಚ್ಚಿ ಕೊಲ್ಲುವ ಮನುಷ್ಯ, ಕಥಾನಾಯಕನ ತಂದೆ, ಕೆಲಸ ಮುಗಿಸಿ ಹಗುರವಾಗಿ ನಡೆದುಬಿಡುತ್ತಾನೆ. ಮರುಗಲು ಬಾರದವನಿಗೆ ತನ್ನ ಕೈ ಏನು ಮಾಡಿತೆಂಬುದೇ ತಿಳಿಯುವುದಿಲ್ಲ. ಹುಡುಗನ ಪ್ರಶ್ನೆಗೆ ಇದು ಅರ್ಧ ಉತ್ತರ.

ಉಳಿದರ್ಧ ಈ ಎರಡೂ ಕೃತಿಗಳಲ್ಲಿಲ್ಲ. ಯಾವ ಸರ್ಕಾರವೂ ಎಲ್ಲ ಭಾವನೆಗಳನ್ನು ಒಟ್ಟಿಗೆ ಕಿತ್ತುಹಾಕುವುದಿಲ್ಲ, ಆರಿಸಿಕೊಳ್ಳುತ್ತದೆ. ಕೆಲವನ್ನು ನಿಷೇಧಿಸುತ್ತದೆ, ಕೆಲವನ್ನು ಕಡ್ಡಾಯ ಮಾಡುತ್ತದೆ. ಜಾರ್ಜ್ ಆರ್ವೆಲ್‌ಗೆ ಇದು ತಿಳಿದಿತ್ತು. ‘1984’ರಲ್ಲಿ ದಿನಕ್ಕೆ ಎರಡು ನಿಮಿಷ ದ್ವೇಷಿಸಲೇಬೇಕು. ನಮಗೆ ಇನ್ನೂ ಹತ್ತಿರದಲ್ಲಿ ಕಂಡವರು ಗಿರೀಶ ಕಾರ್ನಾಡರು. ‘ತುಘಲಕ್’ (1964) ನಾಟಕದ ಸುಲ್ತಾನ ಶಿಹಾಬುದ್ದೀನನನ್ನು ತನ್ನ ಕೈಯಾರೆ ಇರಿದು ಕೊಲ್ಲುತ್ತಾನೆ. ಕೊಂದವನೇ ಅವನನ್ನು ಹುತಾತ್ಮನೆಂದು ಸಾರಿಸಿ, ವೈಭವದ ಜನಾಜಾಕ್ಕೆ ಹುಕುಂ ಕೊಡುತ್ತಾನೆ; ಮಗನನ್ನು ಕಳೆದುಕೊಂಡ ತಂದೆಯನ್ನೂ ಅದಕ್ಕೆ ಕರೆಸಲು ಹೇಳುತ್ತಾನೆ. ಅದೇ ಉಸಿರಿನಲ್ಲಿ ರಾಜ್ಯದಲ್ಲೆಲ್ಲ ನಮಾಜು ಬಂದ್! ವರ್ಷಗಳ ನಂತರ ನಮಾಜು ಮರಳುವುದೂ ಫರ್ಮಾನಿನಿಂದಲೇ. ಅಷ್ಟರಲ್ಲಿ ಜನ ಹಸಿದಿದ್ದಾರೆ. ಅವರಿಗೆ ಬೇಕಾದದ್ದು ಅನ್ನ. ನಮ್ಮ ಮಟ್ಟಿಗೆ ಮೊದಲ ಆಜ್ಞೆಗಿಂತ ಎರಡನೆಯದೇ ಕ್ರೂರ. ನಿಷೇಧವಿದ್ದಾಗ ಕದ್ದಾದರೂ ಕೈಯೆತ್ತಿ ಬೇಡಬಹುದಿತ್ತು. ಆಜ್ಞೆಯ ಮೇಲೆ ನಿಂತ ನಮಾಜಿನಲ್ಲಿ ನಿಂತವನದೆನ್ನುವುದು ಏನುಳಿಯಿತು?

ದೌಲತಾಬಾದಿನ ದಾರಿಯಲ್ಲಿ ಒಬ್ಬ ತಾಯಿ, ಕಾಯಿಲೆಯ ಮಗುವನ್ನು ಹಕೀಮನ ಬಳಿಗೆ ಒಯ್ಯಲು ಅಧಿಕಾರಿಯ ಅಪ್ಪಣೆ ಬೇಡುತ್ತಾಳೆ. ಅವನು ದುಡ್ಡು ಕೇಳುತ್ತಾನೆ. ನಾಟಕ ಅವಳ ಬಳಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಅದರ ಕಣ್ಣೆಲ್ಲ ಸುಲ್ತಾನನ ಮೇಲೆ. ಕಾರ್ನಾಡರ ಮೇಲೆ ನಮಗಿರುವ ಒಂದೇ ತಕರಾರು ಇದು.

ನಾಟಕ ಬಂದ ಹನ್ನೆರಡು ವರ್ಷಕ್ಕೆ, ತುರ್ತುಪರಿಸ್ಥಿತಿಯಲ್ಲಿ, ಬೆಂಗಳೂರಿನ ಸೆಂಟ್ರಲ್ ಜೈಲು ನಟಿ ಸ್ನೇಹಲತಾ ರೆಡ್ಡಿಯವರನ್ನು ನುಂಗಿತು. ‘ಸಂಸ್ಕಾರ’ ಸಿನಿಮಾದ ಚಂದ್ರಿ ಅವರು. ಮೂಲ ಕಾದಂಬರಿಯಲ್ಲಿ ಆ ಚಂದ್ರಿ, ಅಗ್ರಹಾರ ಮುಟ್ಟಲೊಲ್ಲದ ಹೆಣಕ್ಕೆ ಅಹಮದ್ ಬ್ಯಾರಿಯ ನೆರವಿನಿಂದ ಬೆಂಕಿ ಕೊಡಿಸಿದವಳು. ಸ್ನೇಹಲತಾ ಅವರಿಗೆ ಆಸ್ತಮಾ ಇತ್ತು. ರಾತ್ರಿ ಅವರ ಚೀರಾಟ ಕೇಳಿಸುತ್ತಿತ್ತೆಂದು ಅದೇ ಜೈಲಿನಲ್ಲಿದ್ದ ಮಧು ದಂಡವತೆ ಬರೆದಿದ್ದಾರೆ. ಹೊರಗೆ ಪತ್ರಿಕೆಗಳಿಗೆ ಸೆನ್ಸಾರ್. 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಟ್ಟರು, 20ರಂದು ತೀರಿಕೊಂಡರು.

ಹುಡುಗನಿಗೆ ಇದನ್ನು ಹೇಳಿದೆವು. ಫ್ರೀಡಂ ಪಾರ್ಕ್ ಅವನಿಗೆ ಗೊತ್ತಿತ್ತು. ಅದೇ ಆ ಜೈಲೆಂದು ಗೊತ್ತಿರಲಿಲ್ಲ.